ದಣಿವಿನ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್



ನಿಮ್ಮ ತರಗತಿಯಲ್ಲಿ ಆಟಕ್ಕೆ ಬಾರದೆ, ಪಾಠದಲ್ಲಿ ತೂಕಡಿಸುತ್ತಾ ಕೂರುವ ಗೆಳೆಯರಿದ್ದಾರೆಯೇ? ಅವರನ್ನು ಸೋಮಾರಿ ಎಂದು ಹಂಗಿಸಬೇಡಿ. ದಣಿವಿನ ಹಿಂದೆ ರೋಗವೊಂದು ಅಡಗಿರಬಹುದು.

ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ಭಾಗದ ಕಾಡಿನ ಹಳ್ಳಿಗಳಲ್ಲಿ ಹಿಂದೆ ಇಂಥ ರೋಗವೊಂದು ಮನೆಮನೆಯಲ್ಲೂ ಇತ್ತು. ಮೈ ನಡುಗಿಸುವ ಚಳಿ, ಜ್ವರ, ತಲೆನೋವು, ವಾಂತಿ, ಕೈಕಾಲು ನೋವು, ಬಿಳಿಚಿದ ಮುಖ. ಮಕ್ಕಳ ಹೊಟ್ಟೆಯ ಎಡಭಾಗದಲ್ಲಿರುವ ಪ್ಲೀಹ ಎಂಬ ಅಂಗ ಊದಿಕೊಳ್ಳುತ್ತಿತ್ತು. ಜ್ವರ ಇಳಿದರೂ ಗದ್ದೆಗೆ ಇಳಿಯಲು ತ್ರಾಣವಿರುತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಇದು ಬರುತ್ತದೆ ಎಂದು ಬಹಳ ಜನ ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ!

ಈ ನಂಬಿಕೆಯನ್ನು ಅಳಿಸಿದವರಲ್ಲಿ ಪ್ರಮುಖರು ರೊನಾಲ್ಡ್ ರಾಸ್. ಅವರು 1857ರ ಮೇ 13ರಂದು ಹಿಮಾಲಯದ ಅಲ್ಮೋರಾದಲ್ಲಿ ಹುಟ್ಟಿದರು. ಕವಿತೆ, ಗಣಿತ ಎಂದರೆ ಅವರಿಗೆ ಪ್ರಾಣ. ತಂದೆಯ ಒತ್ತಾಯಕ್ಕೆ ವೈದ್ಯರಾದರು.

1883ರಲ್ಲಿ ಅವರು ಬೆಂಗಳೂರಿಗೆ ಬಂದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಹುಡುಕಿದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಕಂಡವು. ತೊಟ್ಟಿಯನ್ನು ಬರಿದು ಮಾಡಿದರು, ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಅವರಿಗೆ ತಿಳಿದಿರಲಿಲ್ಲ.

1880ರಲ್ಲಿ ಫ್ರಾನ್ಸಿನ ಲಾವೆರಾನ್ ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಿಯನ್ನು ಕಂಡಿದ್ದರು. ಅದು ರಕ್ತದೊಳಗೆ ಹೋಗುವುದು ಹೇಗೆ? ಸೊಳ್ಳೆಗೂ ಇದರಲ್ಲಿ ಪಾತ್ರವಿರಬಹುದು ಎಂದು ಮ್ಯಾನ್ಸನ್ ಎಂಬ ವೈದ್ಯರು ಊಹಿಸಿದ್ದರು. 1895ರಿಂದ ರಾಸ್ ಇದರ ಬೆನ್ನು ಹತ್ತಿದರು. ಎರಡು ವರ್ಷ ಬೇರೆ ಜಾತಿಯ ಸೊಳ್ಳೆಗಳನ್ನು ಸೀಳಿ ಸೀಳಿ ಸೋತರು. 1897ರಲ್ಲಿ ಊಟಿ ಬಳಿಯ ಸಿಗೂರು ಘಾಟಿನಲ್ಲಿ ಅವರಿಗೇ ಮಲೇರಿಯಾ ಬಂತು. ಆದರೂ ಕೆಲಸ ಬಿಡಲಿಲ್ಲ.

ಅದೇ ವರ್ಷ ಸಿಕಂದರಾಬಾದಿನಲ್ಲಿ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ರೋಗಿ ಅವುಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದರು. ಒಂದು ಸೊಳ್ಳೆಗೆ ಒಂದಾಣೆ ಸಂಭಾವನೆ! ಆಗಸ್ಟ್ 20ರಂದು ಸೂಕ್ಷ್ಮದರ್ಶಕದಡಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಜೀವಿ ಬೆಳೆಯುತ್ತಿರುವುದು ಕಂಡಿತು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲಿನ ಮೂಲಕ ಹರಡುವುದನ್ನು ತೋರಿಸಿದರು. ಮನುಷ್ಯರಿಗೆ ರೋಗ ತರುವುದು ಅನಾಫಿಲಿಸ್ ಸೊಳ್ಳೆ ಎಂದು ಇಟಲಿಯ ವಿಜ್ಞಾನಿಗಳು ಅದೇ ವರ್ಷ ಖಚಿತಪಡಿಸಿದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1932ರಲ್ಲಿ ಅವರು ತೀರಿಕೊಂಡರು.

ಒಂದೇ ಜೀವಿ ಇಷ್ಟೊಂದು ತೊಂದರೆ ಕೊಡುವುದು ಹೇಗೆ ಗೊತ್ತೇ? ಅದು ಮೊದಲು ಯಕೃತ್ತಿನಲ್ಲಿ ಬೆಳೆದು, ಆಮೇಲೆ ಕೆಂಪು ರಕ್ತಕಣಗಳನ್ನು ಹೊಕ್ಕು ಒಡೆಯುತ್ತದೆ. ಕಣಗಳು ಒಡೆದಾಗ ಚಳಿಜ್ವರ. ಆಮ್ಲಜನಕ ಹೊರುವ ಕಣಗಳು ಕಡಿಮೆಯಾದಾಗ ದಣಿವು. ಹಾಳಾದ ಕಣಗಳನ್ನು ಸೋಸಿ ಸೋಸಿ ಪ್ಲೀಹ ಊದುತ್ತದೆ. ರೋಗ ಉಲ್ಬಣಿಸಿದರೆ ಮಿದುಳು, ಮೂತ್ರಪಿಂಡಗಳಿಗೂ ಅಪಾಯ.

ರಾಸ್ ತೋರಿದ ದಾರಿ ನಮ್ಮ ಜಿಲ್ಲೆಗೂ ನೆರವಾಯಿತು. ಇಲ್ಲಿನ ಹಳ್ಳದ ತಿಳಿನೀರಿನಲ್ಲಿ ಬೆಳೆಯುವ ಒಂದು ಜಾತಿಯ ಅನಾಫಿಲಿಸ್ ಸೊಳ್ಳೆಯೇ ರೋಗ ಹರಡುತ್ತಿತ್ತು. ಆಗ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯದಲ್ಲಿತ್ತು. 1940ರ ದಶಕದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ತಂಡ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿತು. ಮಲೇರಿಯಾ ಬಹಳಷ್ಟು ಇಳಿಯಿತು. 1953ರಲ್ಲಿ ದೇಶದಾದ್ಯಂತ ಇಂಥ ಕಾರ್ಯಕ್ರಮ ಆರಂಭವಾಯಿತು. ಮುಂದೆ ಸೊಳ್ಳೆಗಳು ಡಿ.ಡಿ.ಟಿ.ಗೆ ಒಗ್ಗಿಕೊಂಡವು. ಅದು ಪರಿಸರಕ್ಕೆ ಹಾನಿಕರ ಎಂಬುದೂ ತಿಳಿಯಿತು.

ಎಲ್ಲ ದಣಿವೂ ಮಲೇರಿಯಾ ಅಲ್ಲ. ಕಬ್ಬಿಣದ ಕೊರತೆ, ಜಂತುಹುಳು, ಕ್ಷಯ, ಥೈರಾಯ್ಡ್ ತೊಂದರೆ, ಮಧುಮೇಹದಿಂದಲೂ ದಣಿವಾಗುತ್ತದೆ. ಊಹೆ ಮಾಡುತ್ತಾ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಬೇಕು.

ನೀವೂ ಮಾಡಿ ನೋಡಿ: ಶಾಲೆಯ ಸುತ್ತ ನಿಂತ ನೀರು ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ. ಮರಿಗಳು ಕಂಡರೆ ಶಿಕ್ಷಕರಿಗೆ ತಿಳಿಸಿ, ಅವರ ಜೊತೆಗೂಡಿ ನೀರು ಚೆಲ್ಲಿ. ಬೆಂಗಳೂರಿನಲ್ಲಿ ರಾಸ್ ಮೊದಲು ಮಾಡಿದ್ದೂ ಇದನ್ನೇ!