ಒಬ್ಬಂಟಿಯಾಗಿ ಭಿನ್ನಮತ ಬರೆದ ಶೆಣೈಯವರು

ಗಲ್ಲಾಪೆಟ್ಟಿಗೆಯಲ್ಲಿಲ್ಲದ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರೆ ಹೋಟೆಲು ನಡೆಯದು. ಈ ಮಾತನ್ನು ಸರಕಾರಕ್ಕೂ ಅನ್ವಯಿಸಿ ಹೇಳುವ ಎದೆಗಾರಿಕೆ ತೋರಿದ ಪ್ರೊ. ಬಿ. ಆರ್. ಶೆಣೈಯವರು ನಮ್ಮ ಕರಾವಳಿಯವರೆಂಬುದನ್ನು ಪುಣೆಯ ಕನ್ನಡಿಗರಲ್ಲಿ ಬಹುಮಂದಿ ಅರಿಯರು.

1905ರಲ್ಲಿ, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದು ಇಂದು ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತಿನಲ್ಲಿ ಅವರು ಜನಿಸಿದರು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ತರುವಾಯ ಲಂಡನ್ನಿನಲ್ಲಿಯೂ ಅರ್ಥಶಾಸ್ತ್ರವನ್ನು ವ್ಯಾಸಂಗಮಾಡಿದರು. ರಿಸರ್ವ್ ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿ ನೋಟು ಹುಟ್ಟುವ ಬಗೆಯನ್ನು ಒಳಗಿನಿಂದಲೇ ಕಂಡರು. ಬಳಿಕ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು.

1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ಸರಕಾರವು ಅರ್ಥಶಾಸ್ತ್ರಜ್ಞರ ಮಂಡಲಿಯೊಂದನ್ನು ನೇಮಿಸಿತು. ಉಳಿದವರೆಲ್ಲ ಒಪ್ಪಿದರು, ಶೆಣೈಯವರೊಬ್ಬರೇ ಭಿನ್ನಮತವನ್ನು ಬರೆದಿತ್ತರು. ಸರಕಾರದ 4,800 ಕೋಟಿ ರೂಪಾಯಿಗಳ ವೆಚ್ಚದಲ್ಲಿ 1,200 ಕೋಟಿಯನ್ನು ಕೊರತೆಯ ಹಣದಿಂದ ತುಂಬುವುದೆಂದು ಯೋಜನೆಯಲ್ಲಿ ಗೊತ್ತಾಯಿತು. ಸರಕಾರವು ಹುಂಡಿ ಬರೆದುಕೊಡುವುದು, ರಿಸರ್ವ್ ಬ್ಯಾಂಕು ಹೊಸ ಹಣ ಕೊಡುವುದು, ಇದೇ ಅದರ ಒಳಗುಟ್ಟು. ಜನರ ಉಳಿತಾಯವನ್ನು ಮೀರಿ ಹೀಗೆ ಹಣ ಹರಿಸಿದರೆ ಬೆಲೆಗಳು ಏರುವುವು, ಬೆಲೆಗಳನ್ನು ಹಿಡಿಯಲು ಪರ್ಮಿಟ್ಟು ಲೈಸೆನ್ಸುಗಳು ಬರುವುವು ಎಂದು ಅವರು ಎಚ್ಚರಿಸಿದರು. ಉದ್ಯೋಗವೂ ಇದರಿಂದ ಬೆಳೆಯದೆಂಬುದು ಅವರ ವಾದ. ಅಕ್ಕಿ ಉದ್ದು ತರದೆ ಹತ್ತು ಮಂದಿ ಅಡಿಗೆಯವರನ್ನು ನೇಮಿಸಿದರೆ ಇಡ್ಲಿ ಹೆಚ್ಚೀತೆ?

ಯೋಜನೆಯನ್ನು ನಂಬಿದವರೂ ಸಾಮಾನ್ಯರಲ್ಲ. ಪುಣೆಯ ಗೋಖಲೆ ಸಂಸ್ಥೆಯನ್ನು ಬೆಳೆಸಿದ ಪ್ರೊ. ಗಾಡಗೀಳರು 1967ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಪಿಂಪರಿಯ ಔಷಧ ಕಾರ್ಖಾನೆಯಂತಹ ಸರಕಾರಿ ಉದ್ಯಮಗಳು ಅನೇಕರಿಗೆ ಅನ್ನವಿತ್ತುದೂ ನಿಜ. ಆದರೆ 1957ರಲ್ಲಿಯೇ ವಿದೇಶೀ ವಿನಿಮಯದ ಮುಗ್ಗಟ್ಟು ಬಂದಿತು. ಯೋಜನೆ ಮುಗಿದಾಗ ನಿರುದ್ಯೋಗಿಗಳ ಸಂಖ್ಯೆ ಮೊದಲಿಗಿಂತ ಹೆಚ್ಚಿತ್ತು. ಯುದ್ಧ, ಬರಗಾಲಗಳೂ ಕೂಡಿ, 1966ರ ಜೂನಿನಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಬೇಕಾಯಿತು, 4.76 ರೂಪಾಯಿಗೆ ದೊರೆಯುತ್ತಿದ್ದ ಡಾಲರಿಗೆ 7.50 ತೆರಬೇಕಾಯಿತು.

1978ರಲ್ಲಿ ಶೆಣೈಯವರು ತೀರಿಕೊಂಡರು. ಕೈಗಾರಿಕಾ ಲೈಸೆನ್ಸಿನ ಕಟ್ಟು ಬಹುಮಟ್ಟಿಗೆ ಸಡಿಲಿದುದು 1991ರಲ್ಲಿ. ಬೇಕೆಂದಾಗಲೆಲ್ಲ ರಿಸರ್ವ್ ಬ್ಯಾಂಕಿಗೆ ಹುಂಡಿ ಬರೆದುಕೊಡುವ ಪದ್ಧತಿ ನಿಂತುದು 1997ರಲ್ಲಿ. ಅವೆರಡನ್ನೂ ಕಾಣಲು ಅವರಿರಲಿಲ್ಲ.

ಬೆಲೆಯೇರಿಕೆಯು ಯಾರೂ ಮಂಜೂರುಮಾಡದ ತೆರಿಗೆ. ಹೊಲ, ಚಿನ್ನ ಉಳ್ಳವನು ಅದರಿಂದ ಪಾರಾಗಬಲ್ಲನು. ತಿಂಗಳ ಸಂಬಳದ ಸಪ್ಲಾಯರನೂ ಗುಮಾಸ್ತನೂ ಪಾರಾಗಲಾರರು. ಊರಿಗೆ ಕಳುಹಿಸುವ ಹಣದ ಅಂಕಿ ಅಷ್ಟೇ ಇದ್ದು, ಅದರಿಂದ ಬರುವ ಅಕ್ಕಿ ಮಾತ್ರ ಕಡಿಮೆಯಾಗುವುದು. ಆದುದರಿಂದ ಯಾವ ಪಕ್ಷವೇ ಆಗಲಿ ಉದ್ಯೋಗದ ಭರವಸೆಯಿತ್ತಾಗ, ಹಣ ಎಲ್ಲಿಂದ ಬರುವುದೆಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿ. ಶೆಣೈಯವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.