ಮಣ್ಣಿನೊಳಗಿನ ನೀರಿನ ಲೆಕ್ಕ ಹಿಡಿದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ

ಸೂರತ್‌ನಲ್ಲಿ ತಾಪಿ ನದಿ ತಂದು ಹಾಕಿದ ಜೇಡಿ, ವಡೋದರಾ ಸುತ್ತಮುತ್ತ ನಮ್ಮ ವಿಜಯಪುರ ಕಡೆಯಂಥದೇ ಎರೆ ಮಣ್ಣು, ಅಹಮದಾಬಾದ್ ಕೆಳಗೆ ಸಾಬರಮತಿಯ ಮರಳು, ಮೆಕ್ಕಲು. ಗುಜರಾತಿನ ಈ ಮೂರು ನಗರಗಳಲ್ಲಿ ದೊಡ್ಡ ಕಟ್ಟಡಕ್ಕೆ ಪಾಯ ತೋಡುವ ಮುನ್ನ ಮಣ್ಣು ಪರೀಕ್ಷೆ ನಡೆಯಲೇಬೇಕು. ಆ ಪರೀಕ್ಷೆಯ ಹಿಂದಿನ ಲೆಕ್ಕಾಚಾರ ಬಹುಪಾಲು ಕಾರ್ಲ್ ಟೆರ್ಜಾಗಿ ಅವರದು.

ಟೆರ್ಜಾಗಿ ಹುಟ್ಟಿದ್ದು 1883ರ ಅಕ್ಟೋಬರ್ 2ರಂದು, ಪ್ರಾಗ್‌ನಲ್ಲಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಮನಸ್ಸೆಲ್ಲ ಭೂವಿಜ್ಞಾನದ ಕಡೆ. 1916ರಲ್ಲಿ ಇಸ್ತಾಂಬುಲ್‌ಗೆ ಪಾಠ ಹೇಳಲು ಹೋದರು. ಪ್ರಯೋಗಾಲಯಕ್ಕೆ ದುಡ್ಡಿರಲಿಲ್ಲ. ಸಿಗಾರ್ ಪೆಟ್ಟಿಗೆ, ಗುಜರಿ ಸಾಮಾನುಗಳಿಂದಲೇ ಉಪಕರಣ ಮಾಡಿಕೊಂಡು ಜೇಡಿಮಣ್ಣನ್ನು ಹಿಂಡಿ ನೋಡಿದರು.

ಅವರು ಕಂಡುಕೊಂಡದ್ದು ಇಷ್ಟು. ಒದ್ದೆ ಜೇಡಿಯ ಮೇಲೆ ಭಾರ ಬಿದ್ದಾಗ ಅದನ್ನು ಮೊದಲು ಹೊರುವುದು ಮಣ್ಣಿನ ಕಣಗಳಲ್ಲ, ನಡುವಿನ ನೀರು. ನೀರು ನಿಧಾನವಾಗಿ ಹೊರಹೋದಂತೆ ಭಾರ ಕಣಗಳಿಗೆ ದಾಟುತ್ತದೆ. ಮಣ್ಣು ಕುಗ್ಗುತ್ತದೆ, ಜತೆಗೆ ಗಟ್ಟಿಯೂ ಆಗುತ್ತದೆ. ಕಟ್ಟಡ ವರ್ಷಗಟ್ಟಲೆ ಕುಸಿಯುತ್ತಾ ಹೋಗುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿತು. ಮೊದಲೇ ಮಣ್ಣಿನ ರಾಶಿ ಹೇರಿ, ನೀರು ಹೊರಹೋಗಲು ದಾರಿ ಮಾಡಿ ನೆಲ ಗಟ್ಟಿಗೊಳಿಸುವ ಇಂದಿನ ವಿಧಾನಕ್ಕೂ ಇದೇ ಆಧಾರ. (ಉಬ್ಬಿ ಬಿರಿಯುವ ಎರೆ ಮಣ್ಣಿಗೆ ಮಾತ್ರ ಸುಣ್ಣ ಬೆರೆಸುವಂಥ ಬೇರೆ ಮದ್ದೇ ಬೇಕು.)

1925ರಲ್ಲಿ ಪುಸ್ತಕ ಬಂತು, ಅಮೆರಿಕದ ಎಂಐಟಿಯಿಂದ ಕರೆಯೂ ಬಂತು. 1929ರಲ್ಲಿ ವಿಯೆನ್ನಾದಲ್ಲಿ ಪ್ರಾಧ್ಯಾಪಕರಾದರು. ಅಲ್ಲೇ ಅವರ ಬದುಕಿನ ಕಹಿ ಅಧ್ಯಾಯ. ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಾಲ್ ಫಿಲುಂಗರ್ ಈ ಸಿದ್ಧಾಂತವೇ ತಪ್ಪು ಎಂದು ಕಿರುಹೊತ್ತಗೆ ಅಚ್ಚು ಹಾಕಿಸಿ, ಟೆರ್ಜಾಗಿ ಮೇಲೆ ವೈಯಕ್ತಿಕವಾಗಿಯೂ ಹರಿಹಾಯ್ದರು. ವಿಚಾರಣಾ ಸಮಿತಿ ಟೆರ್ಜಾಗಿ ಪರ ನಿಂತಿತು. 1937ರ ಮಾರ್ಚ್‌ನಲ್ಲಿ ಫಿಲುಂಗರ್ ದಂಪತಿ ಆತ್ಮಹತ್ಯೆ ಮಾಡಿಕೊಂಡರು. ಫಿಲುಂಗರ್ ಅವರ ಗಣಿತದಲ್ಲೂ ಹುರುಳಿತ್ತು ಎಂದು ಮುಂದಿನ ತಲೆಮಾರಿನ ವಿದ್ವಾಂಸರು ಒಪ್ಪಿದರು. ಆದರೆ ಅಷ್ಟರಲ್ಲಿ ತಡವಾಗಿತ್ತು.

1938ರಲ್ಲಿ ಟೆರ್ಜಾಗಿ ಅಮೆರಿಕಕ್ಕೆ ಮರಳಿ ಹಾರ್ವರ್ಡ್ ಸೇರಿದರು. ನೆಲ ಎಷ್ಟು ಭಾರ ತಡೆಯುತ್ತದೆ ಎಂದು ಅಳೆಯಲು ಸಿವಿಲ್ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುವ ಸೂತ್ರ 1943ರ ಅವರ ಪುಸ್ತಕದಲ್ಲಿದೆ. 1963ರ ಅಕ್ಟೋಬರ್ 25ರಂದು ತೀರಿಕೊಂಡರು. ಕೆನಡಾದಲ್ಲಿ ಮೆತ್ತನೆಯ ಜೇಡಿ ಪದರಗಳ ಮೇಲೆ ಅವರ ಸಲಹೆಯಂತೆ ಎದ್ದ ಮಿಷನ್ ಅಣೆಕಟ್ಟಿಗೆ ಈಗ ಅವರದೇ ಹೆಸರು.