ಅಮೃತಾಪುರದಲ್ಲಿ ಉಳಿ ಹಿಡಿದ ರೂವಾರಿ ಮಲ್ಲಿತಮ್ಮ

ತರೀಕೆರೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವು ಕಡೂರು, ಅಜ್ಜಂಪುರ ಸೀಮೆಯ ಜನರಿಗೆ ಹೊಸದೇನಲ್ಲ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಇದನ್ನು ಕಟ್ಟಿಸಿದನು. ಇಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಜನ್ನನ ಹೆಸರನ್ನು ಶಾಲಾಮಕ್ಕಳೂ ಬಲ್ಲರು. ಇದೇ ಗುಡಿಯ ಮಂಟಪದ ಗುಮ್ಮಟಾಕಾರದ ಛಾವಣಿಗಳಲ್ಲಿ ಕೆಲಸ ಆರಂಭಿಸಿದನೆನ್ನಲಾದ ಶಿಲ್ಪಿ ಮಲ್ಲಿತಮ್ಮನನ್ನು ಬಲ್ಲವರು ಮಾತ್ರ ಕಡಿಮೆ.

ಬೇಲೂರಿನಲ್ಲಿ ದುಡಿದ ದಾಸೋಜನು ತಾನು ಬಳ್ಳಿಗಾವೆಯವನೆಂದು ಕಲ್ಲಿನಲ್ಲೇ ಬರೆದಿಟ್ಟನು. ಮಲ್ಲಿತಮ್ಮನಿಗೆ ಅಷ್ಟು ವ್ಯವಧಾನವಿದ್ದಂತಿಲ್ಲ. ಈತನ ಸಹಿ ಒಮ್ಮೆ ಪೂರ್ಣ ಹೆಸರಾಗಿ, ಒಮ್ಮೆ 'ಮಲ್ಲಿ' ಎಂದು, ಕೆಲವೆಡೆ ಬರಿಯ 'ಮ' ಎಂದು ಕಾಣುತ್ತದೆ. ಮುಂದಿನ ಕಲ್ಲು ಕಾದಿರುವಾಗ ಒಂದಕ್ಷರವೇ ಸಾಕೆನಿಸಿರಬೇಕು!

ಈತನ ಬಾಳನ್ನು ಆ ಸಹಿಗಳಿಂದಲೇ ಓದಿಕೊಳ್ಳಬೇಕಾಗಿದೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. 1258ರ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರೂ ಇದೇ. ಅಮೃತಾಪುರದಿಂದ ಅಲ್ಲಿಯವರೆಗೆ 62 ವರ್ಷ. ಇಪ್ಪತ್ತರ ಹರೆಯದಲ್ಲಿ ಉಳಿ ಹಿಡಿದವನಾದರೆ ಸೋಮನಾಥಪುರಕ್ಕೆ ಬರುವಾಗ ಎಂಬತ್ತು ದಾಟಿರಬೇಕು. ಹೊಯ್ಸಳ ಶಿಲ್ಪಿಗಳಲ್ಲಿ ಇಷ್ಟು ಹೇರಳವಾಗಿ ಕೆಲಸ ಬಿಟ್ಟುಹೋದವನು ಮತ್ತೊಬ್ಬನಿಲ್ಲ.

ಇಷ್ಟನ್ನು ಸಾಧ್ಯವಾಗಿಸಿದ್ದರಲ್ಲಿ ಕಲ್ಲಿನ ಪಾಲೂ ಇದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು. ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಉಳಿದ ಪಾಲು ಕೈಗಳದು. ಸೋಮನಾಥಪುರದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರ ಸಾಲು, ಇನ್ನೂ ಮೇಲೆ ಪುರಾಣದ ಕಥೆಗಳು. ಅಂಗೈಯಗಲದ ಸೈನಿಕರ ಒಂದು ದಂಡೇ ಗುಡಿಯನ್ನು ಸುತ್ತುವರಿದಿದೆ. ಮೇಜಿನ ಮೇಲಿನ ಯುದ್ಧದಾಟಕ್ಕೆ ಪುಟ್ಟ ಸೈನಿಕರನ್ನು ಸಜ್ಜುಗೊಳಿಸುವ ಇಂದಿನ ಹವ್ಯಾಸಿಗಳು, ನೂರು ಬೊಂಬೆಗಳಿಗೂ ಮೊದಲು ಒಂದೇ ಬಣ್ಣ ಬಳಿದು, ಬಳಿಕ ಎರಡನೆಯದಕ್ಕೆ ಕೈ ಹಾಕುತ್ತಾರೆ. ಸವಾರರ ಸಾಲನ್ನು ನೋಡಿದರೆ, ಇಲ್ಲಿಯೂ ಒಬ್ಬನು ಗೆರೆ ಎಳೆದು, ಒಬ್ಬನು ಒರಟಾಗಿ ಕಡೆದು, ಮತ್ತೊಬ್ಬನು ಕಣ್ಣು ಮೂಗು ತಿದ್ದಿರಬಹುದೆಂದೇ ತೋರುತ್ತದೆ.

ಸಂಖ್ಯೆ ಹೆಚ್ಚಿದಲ್ಲಿ ಸೊಬಗು ಕುಂದಿತೆಂಬ ಆಕ್ಷೇಪ ಉಂಟು. ಬೇಲೂರಿನ ಮದನಿಕೆಯರ ನಿಲುವನ್ನು ಕಂಡವರಿಗೆ ಸೋಮನಾಥಪುರದ ಮೂರ್ತಿಗಳು ಗಿಡ್ಡವಾಗಿ, ಒಡವೆಗಳ ಭಾರದಲ್ಲಿ ಮುಳುಗಿದಂತೆ ಕಾಣುವುದು ಸುಳ್ಳಲ್ಲ. ಆದರೆ ಗೋಡೆಯೊಂದರಲ್ಲಿ ಬರಿದಾದ ಜಾಗವೇ ಉಳಿಯಬಾರದೆಂಬ ಕಾಲ ಅದು. ಆ ಬೇಡಿಕೆಯನ್ನು ಪೂರೈಸುತ್ತಲೇ ಕೆಲವು ವಿಗ್ರಹಗಳಿಗೆ ಜೀವ ತುಂಬಿದ್ದು ಸಣ್ಣ ಮಾತೇನೂ ಅಲ್ಲ.

ನಮಗೆ ನೋವಾಗುವುದು ಬೇರೊಂದು ಸಂಗತಿಯಿಂದ. ಸಹಿಗಳಿರುವುದು ಹೆಚ್ಚಾಗಿ ಭಿತ್ತಿಯ ದೊಡ್ಡ ವಿಗ್ರಹಗಳ ಕೆಳಗೆ. ಕುದುರೆ ಸವಾರರ ಸಾಲನ್ನು ಕಡೆದವರು ಒಂದಕ್ಷರವನ್ನೂ ಬಿಟ್ಟುಹೋಗಲಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಮೃತಾಪುರ ಅದರಲ್ಲಿಲ್ಲ. ಇಲ್ಲಿಗೆ ಬಂದವರು ಹೊರಗೋಡೆಯ 140 ಫಲಕಗಳನ್ನು ನೋಡುತ್ತಾರೆ. ದಕ್ಷಿಣದ 70ರಲ್ಲಿ ರಾಮಾಯಣವು ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಮಲ್ಲಿತಮ್ಮನ ಕೈಕೆಲಸವನ್ನು ಕಾಣಬೇಕಾದವರು ಮಂಟಪದೊಳಗೆ ನಿಂತು ತಲೆಯೆತ್ತಿ ನೋಡಬೇಕು.